ಬೀಗದ ಕೈ ದಲ್ಲಾಳಿಯ ಬಳಿ ಇರಬೇಕೇ?
ಮನೆ ಬೇಗ ಮಾರಾಟವಾಗಬೇಕಾದರೆ ಒಂದು ಜೊತೆ ಬೀಗದ ಕೈಯನ್ನೂ ದಾಖಲೆಗಳ ನಕಲನ್ನೂ ಮೊದಲೇ ದಲ್ಲಾಳಿಗೆ ಕೊಟ್ಟಿಡಿ ಎಂದು ಮನೆ ಮಾರಾಟದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟಿರುವ ಸಲಹೆಯನ್ನು ನಾನು ಒಪ್ಪಲಾರೆ. ಮೈಸೂರಿನ ನಮ್ಮ ಹಳೆಯ ಮನೆಯನ್ನು ಮಾರಾಟಕ್ಕಿಟ್ಟಾಗ ನಾವೂ ಹಾಗೆಯೇ ಮಾಡಿದ್ದೆವು. ಆ ಬೀಗದ ಕೈ ಒಬ್ಬರಿಂದ ಒಬ್ಬರಿಗೆ ದಾಟಿ ಮೂವರು ದಲ್ಲಾಳಿಗಳ ಕೈ ಸೇರಿತ್ತು. ಒಂದು ತಿಂಗಳ ನಂತರ ಹೋಗಿ ನೋಡಿದರೆ ಹಿಂಬಾಗಿಲಿನ ಅಗುಳಿ ತೆರೆದೇ ಇತ್ತು, ಬಚ್ಚಲುಮನೆಯ ಹಿತ್ತಾಳೆಯ ನಲ್ಲಿಗಳು ನಾಲ್ಕೂ ಮಾಯವಾಗಿದ್ದವು. ಬಾಗಿಲು ಒಡೆದ ಗುರುತು ಇಲ್ಲದಿದ್ದುದರಿಂದ ಯಾರನ್ನು ಕೇಳುವುದೆಂದೇ ತಿಳಿಯಲಿಲ್ಲ. ಆಮೇಲೆ ಬೀಗ ಬದಲಿಸಿ, ಮನೆ ನೋಡಲು ಬರುವವರಿಗೆ ಭಾನುವಾರ ಬೆಳಿಗ್ಗೆ ಎರಡು ತಾಸಿನ ಅವಧಿಯನ್ನಷ್ಟೇ ಗೊತ್ತುಮಾಡಿದೆವು. ಕೊಳ್ಳುವ ಮನಸ್ಸಿದ್ದವರು ಆ ಹೊತ್ತಿಗೇ ಬಂದರು.

ದಾಖಲೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕೊಳ್ಳುವವರೇ ಪಡೆಯಬಹುದಾಗಿರುವಾಗ, ಕ್ರಯಪತ್ರದ ಪೂರ್ಣ ನಕಲನ್ನು ಆಧಾರ್ ಪ್ರತಿಯ ಸಮೇತ ಕಂಡವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಅಗತ್ಯವೇನಿದೆ? ಮಾತುಕತೆ ಒಂದು ಹಂತಕ್ಕೆ ಬಂದ ಮೇಲೆ ಕೊಡಿ, ಪ್ರತಿ ಪುಟದ ಮೇಲೂ ಯಾರಿಗೆ, ಯಾವ ದಿನಾಂಕದಂದು, ಪರಿಶೀಲನೆಗೆ ಮಾತ್ರ ಕೊಟ್ಟಿದ್ದೀರಿ ಎಂದು ಅಡ್ಡವಾಗಿ ಬರೆದು ಕೊಡಿ.

ಸಿಸಿಟಿವಿ ಇದ್ದರೆ ಮನೆಗೆ ಬೆಲೆ ಹೆಚ್ಚು ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಮನೆ ಒಪ್ಪಿಸುವ ದಿನ ಕ್ಯಾಮೆರಾವನ್ನು ನಿಮ್ಮ ಮೊಬೈಲ್ ಖಾತೆಯಿಂದ ತೆಗೆದು, ಅದನ್ನು ರೀಸೆಟ್ ಮಾಡಿಯೇ ಕೊಡಬೇಕು ಎಂಬುದನ್ನೂ ಲೇಖಕರು ಸೇರಿಸಬೇಕಿತ್ತು. ಇಲ್ಲವಾದರೆ ಹೊಸಬರ ಹಜಾರ ಹಳೆಯ ಮಾಲೀಕರ ಫೋನಿನಲ್ಲಿ ಕಾಣುತ್ತಲೇ ಇರಬಹುದು.