ಮಾಮಾ, ಕೋಟೆ ಎಲ್ಲಿ?

ಬೇಸಿಗೆ ರಜೆ ಶುರುವಾದದ್ದೇ ತಡ, ‘ಮಕ್ಕಳೊಂದಿಗೆ ಕೋಟೆನಗರಿಯಲ್ಲಿ ನಡಿಗೆ’ ಎಂಬ ಪೋಸ್ಟರು ವಾಟ್ಸಾಪಿಗೆ ಬಂದು ಬಿದ್ದಿದೆ. ನಿಮಗೂ ಬಂದಿರುತ್ತದೆ. ಅಪ್ಪ, ಅಮ್ಮ, ಬಲೂನು ಹಿಡಿದ ಒಂದು ಮಗು, ತಳ್ಳುಗಾಡಿಯಲ್ಲಿ ಇನ್ನೊಂದು. ಹಿಂದೆ ಒಂದು ಬುರುಜು. ಅದು ಯಾವ ಊರಿನ ಬುರುಜೋ, ಮುಂಬಯಿಯದ್ದಂತೂ ಅಲ್ಲ.

ಊರಿಂದ ರಜೆಗೆ ಬಂದ ತಂಗಿಯ ಮಕ್ಕಳನ್ನು ಡೊಂಬಿವಲಿಯಿಂದ ಲೋಕಲ್ ಹತ್ತಿಸಿಕೊಂಡು ಹೊರಡುವ ಮಾಮಂದಿರು ಸ್ವಲ್ಪ ಕೇಳಿ. ಚಿತ್ರದುರ್ಗದ ಏಳು ಸುತ್ತು ನೋಡಿ ಬಂದ ಮಗು ಕೋಟೆಯ ಹೆಸರನ್ನೇ ಹೊತ್ತ ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿ ಇಳಿದ ಐದನೇ ನಿಮಿಷಕ್ಕೆ ‘ಮಾಮಾ, ಕೋಟೆ ಎಲ್ಲಿ?’ ಎನ್ನುತ್ತದೆ. ಕೋಟೆ ಇಲ್ಲ. ಗವರ್ನರ್ ಚಾರ್ಲ್ಸ್ ಬೂನ್ 1715ರ ನಂತರ ಕಟ್ಟಿಸಿದ್ದನ್ನು 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕೆಡವಿಸಿದ. ವೈರಿಯ ಭಯ ಹೋಗಿತ್ತು, ಒಳಗಿನ ಜನಕ್ಕೆ ಉಸಿರಾಡಲು ಜಾಗವಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಗಾದೆ. ಇಲ್ಲಿ ಕೊಳ್ಳೆ ಹೊಡೆಯುವವರು ಒಳಗೇ ಇದ್ದರು, ಹಾಗಾಗಿ ಬಾಗಿಲನ್ನೇ ಕಿತ್ತು ಹಾಕಿದರು.

ಬಾಗಿಲು ಮೂರಿದ್ದವು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಈಗ ಚರ್ಚೂ ಇಲ್ಲ, ಗೇಟೂ ಇಲ್ಲ. ಗೇಟಿದ್ದ ಜಾಗದಲ್ಲಿ 1860ರ ದಶಕದಿಂದ ಫ್ಲೋರಾ ಎಂಬ ರೋಮನ್ ದೇವಿ ಕಾರಂಜಿಯ ಮೇಲೆ ನಿಂತಿದ್ದಾಳೆ. ಚರ್ಚು ಅಂದರೆ 1718ರ ಸೇಂಟ್ ಥಾಮಸ್, ಅದಿರುವುದು ಇನ್ನೂ ಒಳಗೆ. ರ‍್ಯಾಂಪಾರ್ಟ್ ರೋ ಅಂದರೆ ಕೋಟೆಗೋಡೆಯ ಬೀದಿ, ಈಗ ಕಾರುಗಳ ಸಾಲು. ಮಕ್ಕಳು ಬಾಗಿಲೆಂದು ಒಪ್ಪುವುದು ಗೇಟ್‌ವೇ ಆಫ್ ಇಂಡಿಯಾವನ್ನು ಮಾತ್ರ, ಅದಕ್ಕೋ ಕೋಟೆಯ ನಂಟೇ ಇಲ್ಲ. ಬ್ರಿಟಿಷ್ ರಾಜ ಐದನೇ ಜಾರ್ಜ್ ಬಂದು ಹೋದದ್ದು 1911ರಲ್ಲಿ, ಅವನ ಸ್ವಾಗತದ ಬಾಗಿಲು ತೆರೆದದ್ದು 1924ರಲ್ಲಿ. ನಮ್ಮ ಕಾಮಗಾರಿಗಳು ಪರಂಪರೆ ಬಿಟ್ಟಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ?

ತಳ್ಳುಗಾಡಿ ಮನೆಯಲ್ಲೇ ಇರಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನ ಅಂಚು 150 ಮಿಲಿಮೀಟರ್ ಮೀರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಬೇಕು. ಓದಲು ಬಲು ಸೊಗಸು. ಬೀದಿಯಲ್ಲಿ ಅಂಚು ಎಷ್ಟೋ ಕಡೆ ಮಗುವಿನ ಮಂಡಿಗೆ ಬರುತ್ತದೆ. ಬೈಕು ಹತ್ತದಿರಲೆಂದು ನೆಟ್ಟ ಗೂಟಗಳ ನಡುವೆ ಬೈಕು ನುಸುಳಿಕೊಂಡು ಹೋಗುತ್ತದೆ, ಅವಳಿಮಕ್ಕಳ ಗಾಡಿ ಸಿಕ್ಕಿಕೊಳ್ಳುತ್ತದೆ. ಇನ್ನು ಪೇವರ್ ಬ್ಲಾಕು. ಅದರಡಿಯ ಮರಳು ಮೊದಲ ಮಳೆಗೇ ತೊಳೆದು ಹೋಗುತ್ತದೆ. ಬದಿಯ ಕಲ್ಲು ಸಡಿಲವಾದರೆ ಇಡೀ ಸಾಲು ಅಲುಗಾಡುತ್ತದೆ. ಒಂದು ಮೂಲೆ ತುಳಿದರೆ ಇನ್ನೊಂದು ಮೂಲೆ ಏಳುತ್ತದೆ, ಕೆಳಗಿನ ಕಪ್ಪು ನೀರು ನೆಟ್ಟಗೆ ಮಗುವಿನ ಮುಖಕ್ಕೆ ಪಿಚಕಾರಿ. ಮಕ್ಕಳಿಗೆ ಇದು ಬಹಳ ಇಷ್ಟ. ಇಡೀ ನಡಿಗೆಯಲ್ಲಿ ಅವರಿಗೆ ನೆನಪುಳಿಯುವುದೂ ಇದೇ, ಆದ್ದರಿಂದ ಚೀಲದಲ್ಲಿ ಎರಡು ಜೊತೆ ಬಟ್ಟೆ ಇರಲಿ.

ಹೋಗುವುದಾದರೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಸಿಎಸ್‌ಎಂಟಿ, ಅಂದರೆ ಹಳೆಯ ವಿ.ಟಿ. ಸ್ಟೇಷನ್ನಿನಲ್ಲಿ ಇಳಿಯಿರಿ. ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳಡಿ ನೆರಳೂ ಇದೆ, ಆ ಹೊತ್ತಿಗೆ ಅಂಗಡಿ ಹರಡಿರುವುದಿಲ್ಲ. ಫ್ಲೋರಾಕ್ಕೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಮಗುವಿನ ಕಾಲಲ್ಲಿ ಒಂದು ಗಂಟೆ ಹಿಡಿಯಿರಿ. ಅಲ್ಲಿಂದ ಹಾರ್ನಿಮನ್ ಸರ್ಕಲ್ಲಿನ ತೋಟ, ಆಲದ ಮರ, ಓಡಾಟ. ಅಷ್ಟರಲ್ಲಿ ಮಗುವಿಗೆ ಒಂದಕ್ಕೆ ಬರುತ್ತದೆ. ಮುಂಬಯಿ ಕನ್ನಡಿಗರಿಗೆ ಗೊತ್ತಿರುವ ಉಪಾಯ ಒಂದೇ: ಉಡುಪಿ ಹೋಟೆಲು ಹೊಕ್ಕು ಇಡ್ಲಿ ಹೇಳಿ, ಬಾತ್‌ರೂಮ್ ಕೇಳುವುದು. ಆದರೆ ಫೋರ್ಟಿನ ಬಹಳಷ್ಟು ಹೋಟೆಲುಗಳು ಆಫೀಸಿನವರನ್ನು ನಂಬಿಕೊಂಡವು, ಭಾನುವಾರ ಬಾಗಿಲು ಹಾಕಿರುತ್ತವೆ. ಸೋಮವಾರ ಹೋದರೆ ಹೋಟೆಲು ತೆರೆದಿರುತ್ತದೆ, ಆದರೆ ಫುಟ್‌ಪಾತು ಸಿಗುವುದಿಲ್ಲ.

ಗೋಡೆ ಕೆಡವಿದ್ದಕ್ಕೆ ಬಯಲಾದ ಜಾಗದಲ್ಲೇ ಎದ್ದ ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಸಿಗಬೇಕಾದದ್ದೇ, ಸಂತೋಷ. ಅವುಗಳ ಬುಡದಲ್ಲಿ ನಾಲ್ಕು ವರ್ಷದ ಮಗುವನ್ನು ರಸ್ತೆಗಿಳಿಸದೆ ನೂರು ಹೆಜ್ಜೆ ನಡೆಸಿಕೊಂಡು ಹೋಗಿ ನೋಡೋಣ. ಆಗುವುದಿಲ್ಲ. ಎಲ್ಲೋ ಒಂದು ಕಡೆ ತಗಡು ಅಡ್ಡ ಹಾಕಿರುತ್ತಾರೆ, ಎಲ್ಲೋ ಕೇಬಲ್ಲಿಗೆ ಅಗೆದಿರುತ್ತಾರೆ. ಮಗುವಿನ ರಟ್ಟೆ ಹಿಡಿದು ಬಸ್ಸಿನ ಪಕ್ಕದಲ್ಲಿ ಎಳೆದುಕೊಂಡು ಓಡಬೇಕು. ವರ್ಷಾನುವರ್ಷ ಇದೇ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಬರೆದು ಬರೆದು ಸಾಕಾಗಿದೆ.

ಗೋಡೆ ನೋಡಲೇಬೇಕೆಂದು ಹಟ ಹಿಡಿದರೆ ಸೇಂಟ್ ಜಾರ್ಜ್ ಆಸ್ಪತ್ರೆಯ ಹತ್ತಿರ ಫೋರ್ಟ್ ಜಾರ್ಜಿನ ಒಂದು ತುಂಡು ಉಳಿದಿದೆ, 1769ರದ್ದು. ಇಲ್ಲವಾದರೆ ಕಾಲಾ ಘೋಡಾಕ್ಕೆ, ಅಂದರೆ ಕರಿ ಕುದುರೆಯ ಜಾಗಕ್ಕೆ ಬನ್ನಿ. 1965ರಲ್ಲಿ ಕುದುರೆಯನ್ನೂ ಅದರ ಮೇಲಿದ್ದ ಬ್ರಿಟಿಷ್ ರಾಜಕುಮಾರನನ್ನೂ ಎತ್ತಿ ಭಾಯಖಳಾದ ಮೃಗಾಲಯ ರಾಣಿಬಾಗಿಗೆ ಸಾಗಿಸಿದರು. ಐವತ್ತು ವರ್ಷ ಕುದುರೆಯಿಲ್ಲದೆಯೇ ಆ ಜಾಗ ಕಾಲಾ ಘೋಡಾ ಆಗಿತ್ತು. 2017ರಲ್ಲಿ ಹೊಸ ಕುದುರೆ ಬಂತು, ಸವಾರನಿಲ್ಲದ್ದು. ‘ಮೇಲೆ ಕೂತವನು ಎಲ್ಲಿ?’ ಎಂದು ಮಗು ಕೇಳಿದರೆ ರಾಣಿಬಾಗಿನ ಹೆಸರು ಹೇಳಬೇಡಿ. ಅಲ್ಲಿ ಪೆಂಗ್ವಿನ್ ಇದೆ ಎಂದು ಅದಕ್ಕೆ ಆಗಲೇ ಗೊತ್ತಿರುತ್ತದೆ. ರಾಣಿಬಾಗಿಗೆ ರಜೆ ಬುಧವಾರ, ಇವತ್ತು ಭಾನುವಾರ.