ಐದು ಊರು ಬೇಡ, ಮೂರು ಸಾಕು

ಹತ್ತು ದಿನದ ಯುರೋಪ್ ಹನಿಮೂನಿಗೆ ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್, ವೆನಿಸ್, ಫ್ಲಾರೆನ್ಸ್, ರೋಮ್ ಅಂತ ಐದು ಊರು ಹಾಕಿಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ರೂಮು ಖಾಲಿ ಮಾಡಿ, ರೈಲು ಹಿಡಿದು, ಹೊಸ ಹೋಟೆಲ್ ಸೇರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ನಾಲ್ಕು ಸಲ ಊರು ಬದಲಿಸಿದರೆ ಎರಡು ದಿನ ಸೂಟ್‌ಕೇಸಿನ ಪಾಲು. ಪ್ಯಾರಿಸ್ 4, ವೆನಿಸ್ 2, ರೋಮ್ 3 ರಾತ್ರಿ ಇಟ್ಟುಕೊಳ್ಳಿ. ಫ್ಲಾರೆನ್ಸ್ ರೋಮಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಬಹುದು. ವಿಮಾನ ಟಿಕೆಟ್ಟನ್ನು ಪ್ಯಾರಿಸ್‌ನಲ್ಲಿ ಇಳಿದು ರೋಮಿನಿಂದ ಹೊರಡುವ ಹಾಗೆ 'ಮಲ್ಟಿ ಸಿಟಿ'ಯಲ್ಲಿ ತೆಗೆದುಕೊಂಡರೆ ವಾಪಸ್ ಪ್ಯಾರಿಸ್‌ಗೆ ಓಡುವ ಕೆಲಸ ಇರುವುದಿಲ್ಲ.

ಷೆಂಗೆನ್ ವೀಸಾ (ಈ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ) ಬೇಕಾದವರು ಇಲ್ಲೇ ಎಡವುವುದು: ಮೊದಲು ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಲೆಕ್ಕದಲ್ಲಿ ಅದು ಇಟಲಿ. ದಿನಗಳು ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ವೆಚ್ಚ ಭರಿಸುವಂಥದ್ದಿರಬೇಕು. ಮದುವೆಯಾದ ಮೇಲೆ ಹೆಸರು ಬದಲಿಸುವವರು ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಹಾಕಿ.

ವೆನಿಸ್‌ನಲ್ಲಿ ಅಗ್ಗವೆಂದು ಮೆಸ್ತ್ರೆಯಲ್ಲಿ ರೂಮು ಮಾಡಬೇಡಿ, ಅದು ನೀರಿನ ನಡುವಿನ ವೆನಿಸ್ ಅಲ್ಲ, ದಡದ ಮೇಲಿನ ಊರು. ಹೊರಗಿನವರ ಗದ್ದಲ ಇಳಿದ ಮೇಲಿನ ರಾತ್ರಿಯೇ ವೆನಿಸ್‌ನ ಚೆಂದ. ಹೋಟೆಲ್ ಆರಿಸುವಾಗ ದೋಣಿ ನಿಲ್ದಾಣದಿಂದ ದಾರಿಯಲ್ಲಿ ಎಷ್ಟು ಸೇತುವೆ ಅಂತ ಮ್ಯಾಪಿನಲ್ಲಿ ಎಣಿಸಿ. ಹೆಚ್ಚಿನವಕ್ಕೆ ಮೆಟ್ಟಿಲೇ, ಚಕ್ರದ ಪೆಟ್ಟಿಗೆಯನ್ನೂ ಎತ್ತಿಯೇ ದಾಟಿಸಬೇಕು. ಅಂದಹಾಗೆ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಬಾಗಿಲು ಹಾಕಿರುತ್ತದೆ.