ಹೆಸರು ಒಂದೇ, ನಂಬರು ಬೇರೆ

ಮಗುವಿಗೆ ಹೆಸರಿಡುವ ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಬಾಯಿ ಬರುತ್ತದೆ. ಅಜ್ಜನ ಹೆಸರಿರಲಿ ಎಂದು ಒಬ್ಬರು, ನಕ್ಷತ್ರದ ಅಕ್ಷರದಿಂದ ಶುರುವಾಗಲಿ ಎಂದು ಇನ್ನೊಬ್ಬರು, ಎರಡೂ ಬೇಡ, ಶಾಲೆಯಲ್ಲಿ ಕರೆಯಲು ಸುಲಭವಾಗಿದ್ದರೆ ಸಾಕು ಎಂದು ಹೆತ್ತವಳು. ಈ ಜಗ್ಗಾಟವನ್ನು ಒಂದೇ ಏಟಿಗೆ ಮುಗಿಸಿಬಿಟ್ಟ ಮನೆತನವೊಂದು ಜರ್ಮನಿಯಲ್ಲಿದೆ. ತುರಿಂಗಿಯಾದ ರಾಯ್ಸ್ ಮನೆತನ. ಗಂಡು ಹುಟ್ಟಿದರೆ ಹೈನ್‌ರಿಖ್. ಎರಡನೆಯದೂ ಗಂಡಾದರೆ ಅದೂ ಹೈನ್‌ರಿಖ್. ಚಿಕ್ಕಪ್ಪನ ಮಗ ಹೈನ್‌ರಿಖ್, ದೊಡ್ಡಪ್ಪನ ಮೊಮ್ಮಗ ಹೈನ್‌ರಿಖ್. ಹನ್ನೆರಡನೆಯ ಶತಮಾನದ ಕೊನೆಗೆ ಆಳಿದ ಚಕ್ರವರ್ತಿ ಆರನೆಯ ಹೈನ್‌ರಿಖ್‌ನ ಗೌರವಾರ್ಥ ಹೀಗೆ ಹೆಸರಿಡುತ್ತಾರೆಂಬುದು ಮನೆತನದ ನಂಬಿಕೆ. ಹಿರಿಯರ ಸ್ಮರಣೆ ಒಳ್ಳೆಯದೇ. ಎಂಟುನೂರು ವರ್ಷ ಎಂದರೆ ಮಾತ್ರ ತುಸು ಅತಿಯಾಯಿತು.

ಹೆಸರು ಒಂದೇ ಆದಮೇಲೆ ಗುರುತಿಗೆ ನಂಬರು ಬೇಕಲ್ಲ. ರಾಜರಿಗೆ ನಂಬರು ನಮಗೂ ಹೊಸತಲ್ಲ. ಮೈಸೂರಿನಲ್ಲಿ ಮುಮ್ಮಡಿ, ನಾಲ್ವಡಿ ಕೃಷ್ಣರಾಜರು ಆಳಿದ್ದಾರೆ. ಆದರೆ ಅಲ್ಲಿ ಪಟ್ಟವೇರಿದವರಿಗಷ್ಟೇ ಆ ಲೆಕ್ಕ. ರಾಯ್ಸ್‌ನಲ್ಲಿ ತೊಟ್ಟಿಲಿಗೇ ನಂಬರು. ಪಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಟ್ಟಿ ಒಂದು ತಿಂಗಳಿಗೆ ತೀರಿಕೊಂಡ ಕೂಸಿಗೂ ಒಂದು ಸಂಖ್ಯೆ ಖರ್ಚಾಗುತ್ತದೆ. ಹೀಗಾಗಿ ಹಿರಿಯ ಶಾಖೆಯಲ್ಲಿ ಆಳಿದವರ ಪಟ್ಟಿ ವಿಚಿತ್ರವಾಗಿದೆ: ತಂದೆ 20ನೆಯ ಹೈನ್‌ರಿಖ್, ಮಗ 22ನೆಯವನು, ಮೊಮ್ಮಗ 24ನೆಯವನು. ನಡುವಿನ 21 ಮತ್ತು 23 ಗದ್ದುಗೆಯ ತನಕ ಬರಲೇ ಇಲ್ಲ.

ಹಿರಿಯ ಶಾಖೆಯವರು ನೂರರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡಬೇಕೆಂಬುದು ನಿಯಮ. ಕಿರಿಯ ಶಾಖೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪ್ರತಿ ಶತಮಾನಕ್ಕೂ ಹೊಸ ಖಾತೆ ತೆರೆದರು. ಹದಿನೆಂಟನೆಯ ಶತಮಾನದ ಖಾತೆ 75ರಲ್ಲಿ ಮುಗಿಯಿತು. ಆ 75ನೆಯವನು 1800ರಲ್ಲಿ ಹುಟ್ಟಿ ಮರುವರ್ಷವೇ ತೀರಿಹೋದ. ಎರಡು ಶಾಖೆ, ಎರಡು ಲೆಕ್ಕ ಎಂದಮೇಲೆ ಒಂದೇ ಸಂಖ್ಯೆಯವರು ಒಂದೇ ಕಾಲದಲ್ಲಿ ಬದುಕಿರುವುದೂ ಉಂಟು. ಹಿರಿಯ ಶಾಖೆಯ 24ನೆಯ ಹೈನ್‌ರಿಖ್ ಇದ್ದಾಗಲೇ ಕಿರಿಯ ಶಾಖೆಯ ಕೋಸ್ಟ್ರಿಟ್ಸ್ ಕವಲಿನಲ್ಲಿ ಇನ್ನೊಬ್ಬ 24ನೆಯ ಹೈನ್‌ರಿಖ್ ಇದ್ದ. ಆತ ಬ್ರಾಮ್ಸ್‌ನಿಂದ ಸಲಹೆ ಪಡೆದು ಆರು ಸಿಂಫನಿ ಬರೆದ ಸಂಗೀತಗಾರ. ಆ ಕಾಲದ ಅಂಚೆಯವನನ್ನು ನೆನೆದರೆ ಪಾಪ ಎನಿಸುತ್ತದೆ.

ಈ ಲೆಕ್ಕ ಇನ್ನೂ ನಿಂತಿಲ್ಲ. 2022ರ ಡಿಸೆಂಬರ್‌ನಲ್ಲಿ ಜರ್ಮನ್ ಸರ್ಕಾರವನ್ನು ಉರುಳಿಸುವ ಸಂಚಿನ ಆರೋಪದ ಮೇಲೆ ಪೊಲೀಸರು ಹಲವರನ್ನು ಬಂಧಿಸಿದರು. ಅವರಲ್ಲಿ 13ನೆಯ ಹೈನ್‌ರಿಖ್ ಎಂಬ ವೃದ್ಧರೂ ಇದ್ದರು. ವಿಚಾರಣೆ ನ್ಯಾಯಾಲಯದ ಕೆಲಸ, ಅದು ಇರಲಿ. ನನಗೆ ಸ್ವಾರಸ್ಯ ಕಂಡದ್ದು, ಅವರಿಗೂ ನಮಗೂ ಸಂಬಂಧವಿಲ್ಲ ಎಂದು ಮನೆತನದ ಪರವಾಗಿ ಹೇಳಿಕೆ ಕೊಟ್ಟವರು ಯಾರು ಎಂಬುದರಲ್ಲಿ: 14ನೆಯ ಹೈನ್‌ರಿಖ್.

ಎಲ್ಲರ ಹೆಸರೂ ಒಂದೇ ಆದ ಮನೆಯಲ್ಲಿ ಬಿರುದಿನ ಮೇಲೆ ವ್ಯಾಮೋಹ ಬೆಳೆಯುವುದು ಸಹಜ. ಎಬರ್ಸ್‌ಡೋರ್ಫ್‌ನಲ್ಲಿ ಆಳುತ್ತಿದ್ದ 72ನೆಯ ಹೈನ್‌ರಿಖ್, ಪ್ರತಿಯೊಬ್ಬರನ್ನೂ ಅವರವರ ಹುದ್ದೆಯ ಬಿರುದಿನಿಂದಲೇ ಕರೆಯಬೇಕೆಂದು ಹಟ ಹಿಡಿದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ, ಇಪ್ಪತ್ತು ವರ್ಷಗಳಿಂದ ಈ ಒಂದು ತತ್ತ್ವದ ಮೇಲೆ ಸವಾರಿ ಮಾಡುತ್ತಿದ್ದೇನೆ ಎಂಬರ್ಥದ ಫರ್ಮಾನು ಹೊರಡಿಸಿದ. ಜರ್ಮನರು ನಕ್ಕರು. ನಿಯಮವೆಂದರೆ ನಿಯಮ ಎನ್ನುವ ಮೊಂಡರನ್ನು ಅವರು ಇಂದಿಗೂ ತತ್ತ್ವದ ಸವಾರರೆಂದೇ ಗೇಲಿ ಮಾಡುತ್ತಾರೆ. 1848ರ ದಂಗೆಯಲ್ಲಿ ಈ ಸವಾರ ಪಟ್ಟ ಬಿಟ್ಟಿಳಿದ.

ಆದರೆ ನನ್ನ ಮೆಚ್ಚಿನವನು 72ನೆಯವನಲ್ಲ, ಗ್ರೈಟ್ಸ್‌ನ 22ನೆಯವನು.

ಗ್ರೈಟ್ಸ್ ಎಂದರೆ ವೈಟ್ ಎಲ್ಸ್ಟರ್ ನದಿಯ ದಂಡೆಯ ಪುಟ್ಟ ಊರು. ಗುಡ್ಡದ ಮೇಲೊಂದು ಅರಮನೆ, ಕೆಳಗೊಂದು ಅರಮನೆ, ನಡುವೆ ಉಣ್ಣೆ ಬಟ್ಟೆಯ ಗಿರಣಿಗಳು. ಸಂಸ್ಥಾನದ ವಿಸ್ತಾರ ಸುಮಾರು 317 ಚದರ ಕಿಲೋಮೀಟರ್. ಬೆಳಿಗ್ಗೆ ಕುದುರೆ ಏರಿ ಹೊರಟವನು ಮಧ್ಯಾಹ್ನದ ಊಟವನ್ನು ಪರರಾಜ್ಯದಲ್ಲಿ ಮಾಡಬಹುದಿತ್ತು. 1846ರಲ್ಲಿ ಹುಟ್ಟಿದ ಹೈನ್‌ರಿಖ್‌ಗೆ 13 ವರ್ಷವಾದಾಗ ತಂದೆ ತೀರಿಕೊಂಡ. ರಾಜ್ಯಭಾರ ತಾಯಿ ಕರೋಲೀನೆಯ ಕೈಗೆ ಬಂತು. 1866ರಲ್ಲಿ ಉತ್ತರ ಜರ್ಮನಿಯ ದೊಡ್ಡಣ್ಣ ಪ್ರಷ್ಯಕ್ಕೂ ಆಸ್ಟ್ರಿಯಕ್ಕೂ ಯುದ್ಧ ಹತ್ತಿದಾಗ ಆಕೆ ಆಸ್ಟ್ರಿಯದ ಕಡೆ ವಾಲಿದಳು. ಆಸ್ಟ್ರಿಯ ಸೋತಿತು. ಪ್ರಷ್ಯದ ಸೈನಿಕರು ಗ್ರೈಟ್ಸ್‌ಗೆ ಬಂದು ಠಿಕಾಣಿ ಹೂಡಿದರು, ದಂಡವನ್ನೂ ಕಕ್ಕಿಸಿದರು. ಮರುವರ್ಷ ಇಪ್ಪತ್ತೊಂದು ತುಂಬಿದ ಮಗ ಅಧಿಕಾರ ವಹಿಸಿಕೊಂಡ. ಅಮ್ಮನಿಗಾದ ಆ ಅವಮಾನವನ್ನು ಅವನು ಸಾಯುವ ತನಕ ಮರೆಯಲಿಲ್ಲವೆಂದೇ ನನ್ನ ಊಹೆ.

1871ರಲ್ಲಿ ಜರ್ಮನ್ ಸಾಮ್ರಾಜ್ಯ ಕಟ್ಟಿದಾಗ ಅದರ ಸಂಸ್ಥಾನಗಳ ಸಭೆಯಲ್ಲಿ 58 ಮತಗಳಿದ್ದವು. ಪ್ರಷ್ಯಕ್ಕೆ 17, ಗ್ರೈಟ್ಸ್‌ಗೆ ಒಂದು. ಆ ಒಂದೇ ಮತವನ್ನು 22ನೆಯ ಹೈನ್‌ರಿಖ್ ಊರುಗೋಲಿನಂತೆ ಹಿಡಿದುಕೊಂಡ. ಸಾಮ್ರಾಜ್ಯದ ಚುಕ್ಕಾಣಿ ಹಿಡಿದಿದ್ದ ಪ್ರಷ್ಯದ ಬಿಸ್ಮಾರ್ಕ್ ತಂದ ಹಲವು ಮಸೂದೆಗಳಿಗೆ ಗ್ರೈಟ್ಸ್‌ನಿಂದ ಬಂದ ಉತ್ತರ ‘ಇಲ್ಲ’. ಇದರಿಂದ ಒಂದು ಮಸೂದೆಯೂ ಬಿದ್ದಂತಿಲ್ಲ. ಬೀಳುವುದಿಲ್ಲವೆಂದು ಗೊತ್ತಿದ್ದೂ ಕೈ ಎತ್ತುವವರ ಬಗ್ಗೆ ನನಗೆ ಎಂದೂ ಪ್ರೀತಿ. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಅಂಥವರು ಎದ್ದು ನಿಂತರೆ ಮಾತ್ರ ಚಹಾ ತಣ್ಣಗಾಗುತ್ತದಲ್ಲ ಎಂದು ಸಿಡಿಮಿಡಿಗೊಳ್ಳುತ್ತೇನೆ, ಅದು ಬೇರೆ ಮಾತು. ಪತ್ರಿಕೆಗಳವರು ಈ ದೊರೆಗೆ ‘ತುಂಟ ಹೈನ್‌ರಿಖ್’ ಎಂದು ಹೆಸರಿಟ್ಟರು. ಹೈನ್‌ರಿಖ್‌ಗಳ ಸಂತೆಯಲ್ಲಿ ನಂಬರಿಲ್ಲದೆ ಗುರುತು ಸಿಗುವ ಭಾಗ್ಯ ಎಷ್ಟು ಜನಕ್ಕಿದೆ!

ಇವನ ಊರಿನ ಬೇಸಿಗೆ ಅರಮನೆಯಲ್ಲಿ ಈಗ ಇರುವುದು ವ್ಯಂಗ್ಯಚಿತ್ರಗಳ ಸಂಗ್ರಹಾಲಯ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ಮಗಳು ಎಲಿಜಬೆತ್ ಮದುವೆಯಾಗಿ ಬಂದದ್ದು ಹೆಸ್ಸೆ-ಹೋಂಬುರ್ಗ್‌ಗೆ, ಅಂದರೆ ಕರೋಲೀನೆಯ ತವರಿಗೆ. ಆಕೆ ಕೂಡಿಟ್ಟಿದ್ದ ಇಂಗ್ಲಿಷ್ ವ್ಯಂಗ್ಯಚಿತ್ರಗಳು ಕರೋಲೀನೆಯ ಮೂಲಕ ಗ್ರೈಟ್ಸ್‌ ಸೇರಿದವು. ಅವುಗಳಲ್ಲಿ ಇಂಗ್ಲೆಂಡಿನ ರಾಜಮನೆತನವನ್ನೇ ಹಿಗ್ಗಾಮುಗ್ಗಾ ಲೇವಡಿ ಮಾಡಿದವೂ ಇವೆ. ತನ್ನ ತವರನ್ನು ಆಡಿಕೊಂಡ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟ ಆ ರಾಜಕುಮಾರಿಯ ಕರುಳು ದೊಡ್ಡದು.

22ನೆಯವನು 1872ರಲ್ಲಿ ಷೌಂಬುರ್ಗ್-ಲಿಪ್ಪೆಯ ಈಡಾಳನ್ನು ಮದುವೆಯಾದ. 1878ರಲ್ಲಿ ಮಗ ಹುಟ್ಟಿದ. ಹೆಸರಿನ ಬಗ್ಗೆ ಚರ್ಚೆ ನಡೆಯಲಿಲ್ಲ. ಎಳವೆಯಲ್ಲೇ ಆದ ಒಂದು ಆಘಾತದಿಂದ ಆ ಹುಡುಗನ ದೇಹ, ಬುದ್ಧಿ ಎರಡೂ ಬೆಳೆಯಲಿಲ್ಲ. ಆಮೇಲೆ ಹುಟ್ಟಿದವರು ಸಾಲಾಗಿ ಐದು ಹೆಣ್ಣುಮಕ್ಕಳು: ಎಮ್ಮಾ, ಮರೀ, ಕರೋಲೀನೆ, ಹೆರ್ಮಿನೆ, ಈಡಾ. ಗಮನಿಸಿ, ಹೆಣ್ಣುಮಕ್ಕಳಿಗೆ ನಂಬರಿಲ್ಲ. ವಂಶ ಬೆಳೆಸುವವರಿಗೆ ಕ್ರಮಸಂಖ್ಯೆ; ಹೊರಗೆ ಹೋಗುವವರಿಗೆ ಒಂದೊಂದು ಸ್ವಂತ ಹೆಸರು. ಆ ಮನೆಯಲ್ಲಿ ಯಾರಾದರೂ ‘ಹೆರ್ಮಿನೆ’ ಎಂದು ಕೂಗಿದರೆ ಒಬ್ಬಳೇ ತಿರುಗಿ ನೋಡುತ್ತಿದ್ದಳು. ಕಡೆಯ ಮಗಳು ಹುಟ್ಟಿದ ಕೆಲವೇ ವಾರಗಳಲ್ಲಿ, 1891ರಲ್ಲಿ, ತಾಯಿ ತೀರಿಕೊಂಡಳು. ಕೂಸು ತಾಯಿಯ ಹೆಸರನ್ನೇ ಹೊತ್ತು ಬೆಳೆಯಿತು.

1902ರಲ್ಲಿ ತುಂಟ ಹೈನ್‌ರಿಖ್ ತೀರಿಕೊಂಡ. ಪಟ್ಟ 24ನೆಯವನದು, ಆಳ್ವಿಕೆ ಅವನಿಂದಾಗದು. ಕಿರಿಯ ಶಾಖೆಯ 14ನೆಯವನು ಅವನ ಪರವಾಗಿ ಆಳಿದ, ನಂತರ 14ನೆಯವನ ಮಗ 27ನೆಯವನು. ಇದನ್ನು ಓದುವಾಗ ನನಗೆ ರೈಲ್ವೆ ವೇಳಾಪಟ್ಟಿ ಓದಿದಂತಾಗಿತ್ತು. 1918ರ ನವೆಂಬರ್‌ನಲ್ಲಿ ಜರ್ಮನಿಯ ದೊರೆಗಳೆಲ್ಲ ಇಳಿದಾಗ ಇವರೂ ಇಳಿದರು. 1920ರಲ್ಲಿ ಎರಡು ರಾಯ್ಸ್‌ಗಳೂ ತುರಿಂಗಿಯಾದಲ್ಲಿ ಕರಗಿದವು. 1927ರಲ್ಲಿ 24ನೆಯವನು ಮದುವೆಯಿಲ್ಲದೆ ತೀರಿಕೊಂಡಾಗ ಹಿರಿಯ ಶಾಖೆಯೇ ಮುಗಿಯಿತು. ನೂರರ ತನಕ ಎಣಿಸಲು ಹೊರಟ ಲೆಕ್ಕ 24ಕ್ಕೇ ನಿಂತಿತು.

ಆಟ ಆಡಿದ್ದು ಹೆಣ್ಣುಮಕ್ಕಳು. ಕರೋಲೀನೆ 1903ರಲ್ಲಿ ವೈಮಾರ್‌ನ ಗ್ರ್ಯಾಂಡ್ ಡ್ಯೂಕ್‌ನ ಕೈಹಿಡಿದಳು. ಅಲ್ಲಿ ಸುಖವಿರಲಿಲ್ಲ, ಇಪ್ಪತ್ತರ ವಯಸ್ಸಿಗೇ ತೀರಿಹೋದಳು. ಹೆರ್ಮಿನೆ 1907ರಲ್ಲಿ ಸಿಲೇಸಿಯಾದ ಒಬ್ಬ ರಾಜಕುಮಾರನನ್ನು ಮದುವೆಯಾಗಿ, ಐದು ಮಕ್ಕಳ ತಾಯಿಯಾಗಿ, 1920ರಲ್ಲಿ ವಿಧವೆಯಾದಳು. ಅತ್ತ ಪದಚ್ಯುತ ಕೈಸರ್ ಎರಡನೆಯ ವಿಲ್ಹೆಲ್ಮ್, ಅಂದರೆ ಪ್ರಷ್ಯದ ಕೊನೆಯ ದೊರೆ, ಹಾಲೆಂಡಿನ ಡೋರ್ನ್‌ನಲ್ಲಿ ಕಟ್ಟಿಗೆ ಸೀಳುತ್ತಾ ದಿನ ನೂಕುತ್ತಿದ್ದ. 1921ರಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. 1922ರ ಜನವರಿಯಲ್ಲಿ ಹೆರ್ಮಿನೆಯ ಹುಡುಗನೊಬ್ಬ ಕೈಸರ್‌ಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿದ. ಮುದುಕನ ಮನಸ್ಸು ಕರಗಿತು. ತಾಯಿ, ಮಗ ಇಬ್ಬರನ್ನೂ ಕರೆದ. ಜೂನ್‌ನಲ್ಲಿ ತಾಯಿ ಡೋರ್ನ್‌ಗೆ ಹೋದಳು. ನವೆಂಬರ್ 5ಕ್ಕೆ ಮದುವೆ. ಅವನಿಗೆ 63, ಅವಳಿಗೆ 34. ಕೈಸರ್‌ನ ಮಕ್ಕಳ ಮುಖ ಸಪ್ಪಗಾಯಿತು.

ಜನ್ಮವಿಡೀ ಪ್ರಷ್ಯದೊಡನೆ ಗುದ್ದಾಡಿದವನ ಮಗಳು ಪ್ರಷ್ಯದ ದೊರೆಯ ಮನೆಯೊಡತಿಯಾದಳು. ಸಾಲದೆಂಬಂತೆ 1940ರಲ್ಲಿ ಅವಳ ಕಿರಿಯ ಮಗಳು ಹೆನ್ರಿಯೆಟ್ಟೆ ಕೈಸರ್‌ನ ಮೊಮ್ಮಗನನ್ನೇ ಮದುವೆಯಾದಳು. ಲೆಕ್ಕ ಹಾಕಿದರೆ ಹೆರ್ಮಿನೆ ಆ ಮದುಮಗಳಿಗೆ ತಾಯಿಯೂ ಹೌದು, ಗಂಡನ ಕಡೆಯಿಂದ ಅಜ್ಜಿಯೂ ಹೌದು. ಮರುವರ್ಷ ಕೈಸರ್ ಸತ್ತ, ಹೆರ್ಮಿನೆ ಸಿಲೇಸಿಯಾಕ್ಕೆ ಮರಳಿದಳು. 1945ರಲ್ಲಿ ಸೋವಿಯತ್ ಸೇನೆಯ ವಶವಾಗಿ, 1947ರ ಆಗಸ್ಟ್‌ನಲ್ಲಿ ಓಡರ್ ದಂಡೆಯ ಫ್ರಾಂಕ್‌ಫರ್ಟ್‌ನಲ್ಲಿ ಕೊನೆಯುಸಿರೆಳೆದಳು. ಅವಳನ್ನು ಮಣ್ಣು ಮಾಡಿದ್ದು ಪಾಟ್ಸ್‌ಡಾಮ್‌ನ ಸಾಂಸೂಸಿ ಉದ್ಯಾನದಲ್ಲಿ, ಪ್ರಷ್ಯದ ದೊರೆಗಳ ಅಂಗಳದಲ್ಲಿ, ಕೈಸರ್‌ನ ಮೊದಲ ಹೆಂಡತಿ ಮಲಗಿರುವ ಮಂಟಪದಲ್ಲೇ.

ಅಷ್ಟು ಹೊತ್ತಿಗೆ ಪ್ರಷ್ಯವೂ ಇರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಮಿತ್ರರಾಷ್ಟ್ರಗಳು ಕಾನೂನು ಮಾಡಿ ಆ ರಾಜ್ಯವನ್ನೇ ರದ್ದುಪಡಿಸಿದ್ದವು. ಆ ಕಾನೂನಿಗೆ ಗ್ರೈಟ್ಸ್‌ನ ಮತವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ 22ನೆಯ ಹೈನ್‌ರಿಖ್ ಸಂತೋಷದಿಂದ ‘ಹೌದು’ ಎನ್ನುತ್ತಿದ್ದ.